ಪಟ್ಟಿಯ ತಳದ ದೇಶದಿಂದ ಬಂದವನು

ಜಗತ್ತಿನ ದೇಶಗಳೆಲ್ಲ ಶಾಲೆಯ ಮಕ್ಕಳ ಹಾಗೆ ರ್‍ಯಾಂಕು ಹಿಡಿದು ಸಾಲಾಗಿ ನಿಂತಿವೆ ಎಂಬುದು ಸೋಮನೂರಿನ ನವನೀತನ್‌ಗೆ ಗೊತ್ತಾದದ್ದು ಎರಡು ವರ್ಷದ ಹಿಂದೆ. ಕೊಯಮತ್ತೂರಿನ ಒಂದು ಸಭಾಭವನದಲ್ಲಿ ಸಣ್ಣ ಮಗ್ಗದವರಿಗೆಂದು ರಫ್ತಿನ ಬಗ್ಗೆ ಭಾಷಣವಿತ್ತು. ಇವನು ಹೋದದ್ದು ಮಧ್ಯಾಹ್ನದ ಊಟ ಚೆನ್ನಾಗಿರುತ್ತದೆ ಎಂದು ಯಾರೋ ಹೇಳಿದ್ದಕ್ಕೆ. ಅಲ್ಲಿ ಕೋಟು ಹಾಕಿದವನೊಬ್ಬ ಗೋಡೆಯ ಮೇಲೆ ಒಂದು ಪಟ್ಟಿ ತೋರಿಸಿ, ಯಾವ ದೇಶ ಲೋಕದೊಡನೆ ಎಷ್ಟು ಬೆರೆತಿದೆ, ಯಾವ ದೇಶದ ಮಾತಿಗೆ ಎಷ್ಟು ಬೆಲೆ ಎಂಬುದಕ್ಕೆಲ್ಲ ಅಂಕ ಇದೆ ಎಂದು ವಿವರಿಸಿದ. ಹೊರದೇಶದ ಜೊತೆ ವ್ಯಾಪಾರ ಎಷ್ಟು, ಬಂದುಹೋಗುವ ಪ್ರವಾಸಿಗರು ಎಷ್ಟು, ಫೋನು ಕರೆ ಎಷ್ಟು, ರಾಯಭಾರ ಕಚೇರಿ ಎಷ್ಟು, ಕೊನೆಗೆ ಬರ್ಗರ್ ಅಂಗಡಿ ಎಷ್ಟು ಎಂಬುದನ್ನೂ ಎಣಿಸುತ್ತಾರಂತೆ. ಎಲ್ಲವನ್ನೂ ಕೂಡಿಸಿ ಭಾಗಿಸಿದರೆ ಒಂದು ನಂಬರು. ಮೇಲೆ ಸ್ವಿಟ್ಜರ್ಲೆಂಡು, ಬೆಲ್ಜಿಯಂ, ಹಾಲೆಂಡು. ಕೆಳಗೆ ನವನೀತನ್ ಎಂದೂ ಹೆಸರು ಕೇಳದ ದೇಶಗಳು. ನೋಡುತ್ತ ನೋಡುತ್ತ ಅವನಿಗೆ ಊಟದ ವಿಷಯವೇ ಮರೆತುಹೋಯಿತು.

ಆ ಪಟ್ಟಿಯನ್ನು ಅವನು ಫೋನಿಗೆ ಇಳಿಸಿಕೊಂಡು ಬಂದ. ಅಂದಿನಿಂದ ಊರಿನವರಿಗೆ ನೆಮ್ಮದಿಯಿಲ್ಲ. ಯಾರ ಮಗಳನ್ನಾದರೂ ದೋಹಾಕ್ಕೆ ಕೊಟ್ಟರೆ ಛತ್ರದಲ್ಲಿ ಅಕ್ಷತೆ ಕೈಯಲ್ಲಿ ಹಿಡಿದುಕೊಂಡೇ ಕತಾರಿನ ನಂಬರು ಹೇಳುವನು. ಟೀ ಅಂಗಡಿಯಲ್ಲಿ ಫುಟ್‌ಬಾಲ್ ಮ್ಯಾಚು ನೋಡುವಾಗ ಯಾರು ಗೆಲ್ಲಬೇಕೆಂಬುದನ್ನು ಪಟ್ಟಿ ನೋಡಿ ತೀರ್ಮಾನಿಸುವನು. ಮೇಲಿನ ದೇಶ ಸೋತರೆ ರೆಫರಿಗೆ ಬೈಯುವನು. ಭಾರತ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಮಾತ್ರ, ನಡುವೆ ಎಲ್ಲೋ ಇದೆ, ಏರುತ್ತಾ ಇದೆ ಎಂದು ಫೋನನ್ನು ಜೇಬಿಗೆ ಹಾಕಿಕೊಳ್ಳುವನು. ಇನ್ನೊಬ್ಬರನ್ನು ತೂಗಲು ಒಂದು ತಕ್ಕಡಿ ಸಿಕ್ಕಿಬಿಟ್ಟರೆ ಕೆಲವರಿಗೆ ಅದೇ ದೊಡ್ಡ ಸಮಾಧಾನ. ತಾವು ಎಲ್ಲಿ ನಿಂತಿದ್ದೇವೆ ಎಂದು ನೋಡಿಕೊಳ್ಳುವ ಕಷ್ಟ ಅಷ್ಟು ಹೊತ್ತು ತಪ್ಪುತ್ತದೆ.

ನವನೀತನ್ ನಿಂತಿದ್ದದ್ದು ಮನೆಯ ಹಿಂದಿನ ಶೆಡ್ಡಿನಲ್ಲಿ, ಪವರ್‌ಲೂಮುಗಳ ನಡುವೆ. ಜವುಳಿ ವ್ಯಾಪಾರಿ ನೂಲು ಕೊಡುವನು, ಇವನೂ ಹೆಂಡತಿ ಮಲ್ಲಿಗಾಳೂ ನೇಯ್ದು ಕೂಲಿ ಪಡೆದು ಬಟ್ಟೆಯನ್ನು ಅವನಿಗೇ ಒಪ್ಪಿಸುವರು. ನೂಲು ತಪ್ಪಿದ, ಎಳೆ ಕಡಿದ ಬಟ್ಟೆಯ ಥಾನುಗಳನ್ನು ವ್ಯಾಪಾರಿ ಇವರ ತಲೆಗೇ ಕಟ್ಟಿ ವಾಪಸು ಕಳಿಸುವನು. ಅವು ಶೆಡ್ಡಿನ ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿದ್ದವು. ಲೋಕದ ಎಲ್ಲ ದೇಶಗಳ ನಂಬರು ಬಾಯಿಪಾಠವಿದ್ದ ಈ ಮನುಷ್ಯನಿಗೆ, ತಾನು ಇಪ್ಪತ್ತು ವರ್ಷ ನೇಯ್ದ ಬಟ್ಟೆ ಯಾವ ದೇಶಕ್ಕೆ ಹೋಗುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅದು ಗೊತ್ತಿಲ್ಲವಲ್ಲ ಎಂಬ ಸಂಕಟ ಅವನ ಮಗಳು ವಿನೋದಿನಿಗೆ ಇತ್ತು. ಅವಳು ತಿರುಪ್ಪೂರಿನ ಒಂದು ಬನಿಯನ್ ರಫ್ತು ಕಂಪನಿಯಲ್ಲಿ ಕೆಲಸಕ್ಕಿದ್ದಳು, ದಿನಾ ಬಸ್ಸಿನಲ್ಲಿ ಹೋಗಿಬರುವಳು. ಒಂದೇ ಒಂದು ಸಲವಾದರೂ ನಮ್ಮ ಬಟ್ಟೆ ನಮ್ಮ ಹೆಸರಿನಲ್ಲಿ ಹೊರಗೆ ಹೋಗಬೇಕು ಎಂದು ಹಟ ಹಿಡಿದು, ತನ್ನ ಸಂಬಳದಲ್ಲಿ ಒಳ್ಳೆಯ ನೂಲು ತರಿಸಿ ಅಪ್ಪ ಅಮ್ಮನಿಂದ ಒಂದಷ್ಟು ಥಾನು ನೇಯಿಸಿದ್ದಳು. ಮಲ್ಲಿಗಾ ಆ ಬಟ್ಟೆಯ ಒಂದು ಎಳೆ ಕಡಿಯಲೂ ಬಿಟ್ಟಿರಲಿಲ್ಲ. ಅದನ್ನು ಕೊಳ್ಳುವವರು ಬೇಕಿತ್ತು, ಅಷ್ಟೆ.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇವರದು ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಎಷ್ಟು ತಲೆಮಾರಿನ ಹಿಂದೆ ಹಿರಿಯರು ಘಟ್ಟ ಇಳಿದು ಬಂದರೋ ಯಾರಿಗೂ ನೆನಪಿಲ್ಲ. ಕನ್ನಡ ಓದಲು ಬರೆಯಲು ಮನೆಯಲ್ಲಿ ಯಾರಿಗೂ ಬಾರದು. ಕಾವೇರಿ ಗಲಾಟೆಯ ಕಾಲದಲ್ಲಿ, ಬೀದಿಯಲ್ಲಿ ಮನೆಮಾತು ಆಡಬೇಡ ಎಂದು ನವನೀತನ್‌ನ ಅಪ್ಪ ಅವನ ಕಿವಿ ಹಿಂಡಿದ್ದ. ಹೆದರಿಕೆ ಹೋಯಿತು, ಅಭ್ಯಾಸ ಉಳಿಯಿತು. ಆಮೇಲೆ ಹಾಗೆ ಬಚ್ಚಿಟ್ಟ ಮಾತಿಗೆ ಒಂದು ಉಪಯೋಗವೂ ಹುಟ್ಟಿತು. ಅಂಗಡಿಯವನ ಎದುರಿಗೇ ಅವನ ಸೀರೆಯ ಬಣ್ಣ ಬಿಡುತ್ತದೋ ಇಲ್ಲವೋ ಎಂದು ಚರ್ಚಿಸಬಹುದು. ಬಸ್ಸಿನಲ್ಲಿ ಪಕ್ಕದವನ ಬೆವರಿನ ಬಗ್ಗೆ ಅವನ ಪಕ್ಕದಲ್ಲೇ ಕುಳಿತು ಮಾತಾಡಬಹುದು. ಸೋಮನೂರಿನಲ್ಲಿ ತಮ್ಮವರ ಮನೆಗಳೇ ಎಷ್ಟೋ ಇದ್ದದ್ದರಿಂದ ಅಲ್ಲಿ ಎಚ್ಚರ ಬೇಕಿತ್ತು. ಕೊಯಮತ್ತೂರಿನ ಅಂಗಡಿಗಳಲ್ಲಿ, ಹೊರಗಿನವರ ಮುಂದೆ, ಯಾವ ಭಯವೂ ಇರಲಿಲ್ಲ. ಈ ಮಾತಿಗೆ ಒಂದು ರಾಜ್ಯವೇ ಇದೆ, ಅಲ್ಲಿ ಬಸ್ಸಿನ ಬೋರ್ಡೂ ಇದರಲ್ಲೇ ಇರುತ್ತದೆ ಎಂಬುದು ಗೊತ್ತಿಲ್ಲವೆಂದಲ್ಲ. ಆದರೆ ಅದು ಬೇರೆ, ನಮ್ಮದು ಬೇರೆ ಎಂದೇ ಒಳಮನಸ್ಸು. ಒಗ್ಗರಣೆ ಡಬ್ಬಿಯ ಹಾಗೆ ಇದು ಅಡುಗೆಮನೆಯ ಸಾಮಾನು, ಪರದೇಶದವರು ಇದನ್ನು ಕಲಿಯುವುದುಂಟೆ ಎಂಬ ಲೆಕ್ಕ.

ವಿನೋದಿನಿಗೆ ಚಿಸೊಮೊ ಸಿಕ್ಕಿದ್ದು ತಿರುಪ್ಪೂರಿನ ಒಂದು ಜವುಳಿ ಮೇಳದಲ್ಲಿ. ಮಲಾವಿ ದೇಶದವನು. ಅವನ ತಾಯಿ ಅಲ್ಲಿನ ಸಂತೆಯಲ್ಲಿ ಬಟ್ಟೆ ಮಾರುವವಳು, ಇವನು ಅವಳಿಗಾಗಿ ದೇಶ ಸುತ್ತಿ ಬಟ್ಟೆ ಆರಿಸುವವನು. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದರು. ತಾನು ಐದು ವರ್ಷ ಮೈಸೂರಿನಲ್ಲಿ ಓದಿದ್ದೇನೆ ಎಂದ. ನಿಮ್ಮ ಮನೆಯಲ್ಲಿ ಯಾವ ಭಾಷೆ, ತಮಿಳೇ, ಎಂದು ಕೇಳಿದ. ವಿನೋದಿನಿ ಹೌದು ಎಂದಳು. ಯಾರು ಕೇಳಿದರೂ ಅವಳು ಹಾಗೇ ಹೇಳುವುದು. ಮನೆಯಲ್ಲಿ ಕನ್ನಡ ಎಂದರೆ ಯಾಕೆ, ಹೇಗೆ, ಯಾವಾಗ ಬಂದಿರಿ ಎಂದು ನೂರು ಪ್ರಶ್ನೆ. ಅವನು ಅಷ್ಟಕ್ಕೇ ಸುಮ್ಮನಾದ. ಕನ್ನಡ ಮಾತಾಡಿ ಎಷ್ಟೋ ದಿನವಾಗಿತ್ತು ಅವನಿಗೆ, ಯಾರಾದರೂ ಸಿಗುತ್ತಾರೇನೋ ಎಂದು ಆಸೆಯಿಂದ ಕೇಳಿದ್ದ. ಅದು ಅವಳಿಗೆ ಹೇಗೆ ಗೊತ್ತಾಗಬೇಕು.

ಮನೆಗೆ ಬಂದು ಅವಳು ಅಪ್ಪನಿಗೆ ಎಲ್ಲ ಹೇಳಿದಳು. ಮಲಾವಿಯವರು, ಮೈಸೂರಿನಲ್ಲಿ ಓದಿದವರು, ಭಾನುವಾರ ನಮ್ಮ ಬಟ್ಟೆ ನೋಡಲು ಬರುತ್ತಾರೆ, ಮಧ್ಯಾಹ್ನ ಊಟಕ್ಕೂ ಕರೆದಿದ್ದೇನೆ ಎಂದಳು. ಮಲಾವಿ ಎಂಬುದು ಕಿವಿಗೆ ಬಿದ್ದ ಕೂಡಲೇ ನವನೀತನ್ ಫೋನು ತೆಗೆದಿದ್ದ. ಪಟ್ಟಿಯನ್ನು ಬೆರಳಿನಿಂದ ಕೆಳಗೆ, ಇನ್ನೂ ಕೆಳಗೆ ತಳ್ಳುತ್ತ ಹೋದ. ಅವನ ಮುಖ ಸಪ್ಪಗಾಯಿತು.

"ನೂರೈವತ್ತರ ಹತ್ರ ಅದೆ ಕಣ್ಣು. ಇನ್ನೇನ್ ತಳ ಮುಟ್ಟದು ಒಂದೇ ಬಾಕಿ." ಮಗಳನ್ನು ಮುದ್ದಿಗೆ ಅವನು ಕಣ್ಣು ಎಂದೇ ಕರೆಯುವುದು.

"ಅಪ್ಪಾ, ಬಟ್ಟೆ ಕೊಳ್ಳೋದು ದೇಶ ಅಲ್ಲ, ಅವ್ರು."

"ನಿಂಗೆ ತಿಳಿಯಾದಿಲ್ಲ," ಎಂದ ಅವನು. ಆ ವಾರ ಪೂರ್ತಿ ಬೆಲ್ಜಿಯಂನವರು ಯಾರೂ ಮೇಳಕ್ಕೆ ಬಂದಿರಲಿಲ್ಲವೇ ಎಂದು ಮಗಳನ್ನು ಕೇಳುತ್ತಲೇ ಇದ್ದ.

ಭಾನುವಾರ ಚಿಸೊಮೊ ಬಂದ. ಮೂವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಹಣ್ಣಿನ ಚೀಲ. ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿರುವಾಗ ಒಳಗಿನಿಂದ ನವನೀತನ್‌ನ ತಾಯಿ ಕಾಳಿಯಮ್ಮ ಸೊಸೆಯನ್ನು ಕೇಳುವುದು ಅವನ ಕಿವಿಗೆ ಬಿತ್ತು. "ಮಲ್ಲಿಗಾ, ಅನ್ನ ಬಸ್ದೇನೇ?" ಅವನ ಮುಖ ಒಮ್ಮೆಗೇ ಅರಳಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನವನೀತನ್ ನಗುತ್ತ ಬಂದು ಅವನ ಕೈ ಹಿಡಿದು ಕುಲುಕಿದ. ಕುಲುಕುತ್ತಲೇ, ಮುಖದ ಮೇಲಿನ ನಗು ಒಂದು ಚೂರೂ ಕದಲದಂತೆ, ಹೆಂಡತಿಗೆ ಹೇಳಿದ.

"ಇವ್ನೇ ಕಣೆ ಪಟ್ಟಿ ತಳದವ್ನು. ಮರದ ಕುರ್ಚಿ ಬೇಡ, ಆ ಕಾಲ್ ಮುರುಕ ಪ್ಲಾಸ್ಟಿಕ್‌ದ ಎಳೆದಾಕು. ಪೋದುಂ, ಸಾಕು ಇವ್ನಿಗೆ."

"ಮೊಕದ್ ಮುಂದೇ ಹಂಗನ್ಬೇಡಿ, ಪಾಪ," ಎಂದಳು ಮಲ್ಲಿಗಾ.

"ಅವ್ನಿಗೇನ್ ತಿಳಿತದೆ? ನಗ್ತಾ ಹೇಳಿದ್ರೆ ಒಳ್ಳೆ ಮಾತು ಅನ್ಕೊತಾನೆ."

ಚಿಸೊಮೊನ ಬಾಯಿ ಮುಚ್ಚಿತು. ಅರಳಿದ ಮುಖ ಹಾಗೇ ಇತ್ತು, ಅದರೊಳಗಿನ ಸಂತೋಷ ಮಾತ್ರ ಇರಲಿಲ್ಲ. ಇದನ್ನು ಗಮನಿಸುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ. ಅವನು ಹಣ್ಣಿನ ಚೀಲವನ್ನು ಎರಡೂ ಕೈಯಿಂದ ಮಲ್ಲಿಗಾಳಿಗೆ ಕೊಟ್ಟು, ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಜೋಪಾನವಾಗಿ ಕುಳಿತ.

ಕಾಫಿಯಾದ ಮೇಲೆ ಶೆಡ್ಡಿಗೆ ಹೋದರು. ಭಾನುವಾರವಾದ್ದರಿಂದ ಮಗ್ಗಗಳು ನಿಂತಿದ್ದವು. ವಿನೋದಿನಿ ತನ್ನ ಥಾನೊಂದನ್ನು ಬಿಚ್ಚಿ ತೋರಿಸಿದಳು. ಚಿಸೊಮೊ ಅದರ ಅಂಚು ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ, ಹೆಬ್ಬೆರಳಿನಿಂದ ಸವರಿ, ಇಂಗ್ಲಿಷಿನಲ್ಲಿ ತುಂಬ ಚೆನ್ನಾಗಿದೆ ಎಂದ. ಈಗ ಒಂದು ಮೂಟೆಯಷ್ಟು ಕೊಡಿ, ಅಮ್ಮನಿಗೂ ಸಂತೆಯ ಹೆಂಗಸರಿಗೂ ತೋರಿಸುತ್ತೇನೆ, ಅವರು ಒಪ್ಪಿದರೆ ಮುಂದೆ ನಿಮ್ಮಿಂದಲೇ ತರಿಸಿಕೊಳ್ಳುತ್ತೇವೆ, ಥಾನಿನ ಮೇಲೆ ನಿಮ್ಮ ಮನೆಯ ಹೆಸರೇ ಇರಲಿ ಎಂದ. ವಿನೋದಿನಿಗೆ ಕಣ್ಣು ತುಂಬಿ ಬಂತು. ಅವಳು ಅದನ್ನು ಅಪ್ಪನಿಗೆ ತಮಿಳಿನಲ್ಲಿ ಹೇಳಿದಳು. ಹೊರಗಿನವರ ಎದುರಿಗೆ ಬೇರೆಯವರೂ ಕೇಳಲಿ ಎಂಬಂಥ ಮಾತಿಗೆ ಅವರು ತಮಿಳನ್ನೇ ಬಳಸುವುದು. ಕೇಳಬಾರದ ಮಾತಿಗೆ ಇನ್ನೊಂದಿತ್ತಲ್ಲ. ನವನೀತನ್ ಅದರಲ್ಲಿ ಹೆಂಡತಿಗೆ ಹೇಳಿದ.

"ಮೇಲೆರಡು ಇದ್ನ ಇಡು. ಕೆಳಗೆಲ್ಲ ಮೂಲೆದು ಹಾಕಿ ಹೊಲಿ, ಆ ವಾಪಸ್ ಬಂದದ್ದ. ನಲ್ಲದು, ಒಳ್ಳೇದೆಲ್ಲ ಇವ್ನಿಗೆ ಕೊಟ್ಬುಟ್ರೆ ನಾಳೆ ಯೂರೋಪಿಂದ ಒಬ್ಬ ಬಂದ್ರೆ ಏನ್ ತೋರ್ಸದು?"

ಮಲ್ಲಿಗಾ ಕೈಯಲ್ಲಿದ್ದ ಥಾನನ್ನು ಹಾಗೇ ಹಿಡಿದುಕೊಂಡು ನಿಂತಳು.

"ಅಪ್ಪಾ, ನೀನೇನ್ ಹೇಳ್ತಿದ್ದೀಯಾ?" ಎಂದಳು ವಿನೋದಿನಿ. "ಬೇಡ. ನಾನ್ ಮಾತ್ ಕೊಟ್ಟಿದೀನಿ."

"ನೀ ಸುಮ್ನಿರು. ಅವ್ರ ದೇಶಕ್ಕೆ ಇದೇ ಹೆಚ್ಚು."

"ಅಲ್ಲೋಗಿ ಬಿಚ್ಚಿ ನೋಡಿದ್ರೆ?"

"ನೋಡ್ಲಿ. ನೋಡಿ ಯಾರ್ ಹತ್ರ ಹೇಳ್ತಾನೆ? ಅವ್ರ ಮಾತ ಈ ಲೋಕದಲ್ಲಿ ಯಾರ್ ಕೇಳೋರು? ಅದ್ಕೇ ಅಲ್ವಾ ಅಷ್ಟು ಕೆಳಗಿರೋದು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಚಿಸೊಮೊ ಇನ್ನೂ ಕಿಟಕಿಯ ಬಳಿಯೇ ಇದ್ದ, ಬಟ್ಟೆಯ ಅಂಚು ಬೆರಳಿನಲ್ಲಿತ್ತು. ಏನಾದರೂ ತೊಂದರೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ವಿನೋದಿನಿ ಅಪ್ಪನ ಕಡೆ ನೋಡಿದಳು. ಅಪ್ಪನ ಕಣ್ಣು ಕೆಂಪಗಿತ್ತು. ಮೂಟೆ ಹೊರಡುವ ಮೊದಲು ತಾನೇ ಬದಲಿಸಿಬಿಟ್ಟರಾಯಿತು, ಈಗ ಹೊರಗಿನವರ ಮುಂದೆ ರಂಪ ಬೇಡ ಎಂದು ಅವಳು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಏನಿಲ್ಲ, ಮೂಟೆ ಹೇಗೆ ಕಟ್ಟಬೇಕು ಎಂದು ಅಪ್ಪ ಹೇಳುತ್ತಿದ್ದಾರೆ, ಎಂದಳು.

ಅವನು ಅವಳನ್ನು ಒಂದು ಗಳಿಗೆ ನೋಡಿದ. "ಓಕೆ," ಎಂದ.

ಊಟಕ್ಕೆ ಕಾಗದದ ತಟ್ಟೆ ಸಾಕೆಂದು ನವನೀತನ್ ಹೇಳಿದ್ದರೂ ಮಲ್ಲಿಗಾ ಬಾಳೆಲೆಯನ್ನೇ ಹಾಕಿದ್ದಳು. ಗಂಡನ ಮಾತು ಮೀರಲು ಅವಳಿಗೆ ಅಡುಗೆಮನೆಯಿಂದ ನಡುಮನೆಯವರೆಗಿನ ಜಾಗ ಮಾತ್ರ ಇತ್ತು. ಚಿಸೊಮೊ ನೆಲದ ಮೇಲೆ ಚಕ್ಕಂಬಟ್ಟಲು ಹಾಕಿ ಕುಳಿತು, ಎಲೆಗೆ ನೀರು ಚಿಮುಕಿಸಿ ಒರೆಸಿಕೊಂಡ. ಅನ್ನ, ಅಲಸಂದೆ ಕಾಳಿನ ಹುಳಿ, ಹಪ್ಪಳ, ಸೇಮಿಗೆ ಪಾಯಸ. "ಪರ್ವಾಗಿಲ್ವೇ, ಕೈಯಲ್ಲಿ ಉಣ್ಣಕ್ಕೆ ಬತ್ತದೆ ಇವ್ನಿಗೆ," ಎಂದ ನವನೀತನ್, ಎದುರು ಕುಳಿತು ತುತ್ತು ಕಲಸುತ್ತ. ಚಿಸೊಮೊ ತಲೆ ತಗ್ಗಿಸಿ ಊಟ ಮಾಡುತ್ತಿದ್ದ.

ಕಾಳಿಯಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ಅವಳಿಗೆ ಎರಡೂ ಕಣ್ಣು ಮಂಜು. ಬಂದವರು ಯಾರು, ಬಣ್ಣ ಯಾವುದು, ನಂಬರು ಯಾವುದು ಎಂಬುದೊಂದೂ ಅವಳಿಗೆ ಕಾಣದು. ಮನೆಯಲ್ಲಿ ಒಬ್ಬ ಹುಡುಗ ಸದ್ದಿಲ್ಲದೆ ಉಣ್ಣುತ್ತಿದ್ದಾನೆ, ಅಷ್ಟು ಮಾತ್ರ ಗೊತ್ತಾಗುತ್ತಿತ್ತು. ಹಾಗೆ ಉಣ್ಣುವವರನ್ನು ಕಂಡರೆ ಅವಳಿಗೆ ಆಗದು.

"ಯಾಕ್ ಸಾಮಿ, ಮಾತೇ ಇಲ್ಲ? ಇನ್ನೊಂದ್ ಚೂರ್ ಹುಳಿ ಹಾಕ್ಸ್ಕೋ. ನಿಮ್ಮವ್ವ ಅವ್ಳಾ ಊರಲ್ಲಿ?"

ಅವಳ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಮುದುಕಿ ಮಂಚದ ಕಾಲಿನ ಜೊತೆಗೂ ಮಾತಾಡುತ್ತಾಳೆ ಎಂದು ಬಿಟ್ಟರು. ಕಾಳಿಯಮ್ಮ ಮುಖ ಅತ್ತ ಕಡೆಗೇ ಇಟ್ಟುಕೊಂಡು ಕಾಯುತ್ತಿದ್ದಳು. ಚಿಸೊಮೊನ ಕೈ ಎಲೆಯ ಮೇಲೆ ನಿಂತಿತು. ಹಿರಿಯರು ಕೇಳಿದ್ದಕ್ಕೆ ಉತ್ತರ ಕೊಡದೆ ಕೂರುವುದು ಅವನಿಂದಾಗಲಿಲ್ಲ.

"ಇದ್ದಾರೆ ಅಜ್ಜಿ," ಎಂದ. "ಅವರೂ ಬಟ್ಟೆ ವ್ಯಾಪಾರಾನೇ ಮಾಡ್ತಾರೆ. ಹುಳಿ ಸಾಕು, ಹೊಟ್ಟೆ ತುಂಬಿದೆ. ತುಂಬಾ ಚೆನ್ನಾಗಿತ್ತು."

ಪಾಯಸದ ಪಾತ್ರೆ ಹಿಡಿದು ಬಂದಿದ್ದ ಮಲ್ಲಿಗಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ವಿನೋದಿನಿಗೆ ಕುಳಿತಲ್ಲೇ ಕಿವಿ ಕಾದು ಹೋಯಿತು. ನವನೀತನ್ ಬಾಯಿಗಿಟ್ಟ ಅನ್ನವನ್ನು ನುಂಗಲೂ ಆರದೆ ಉಗುಳಲೂ ಆರದೆ ಎಲೆಯನ್ನೇ ನೋಡುತ್ತ ಕುಳಿತ. ಬಾಗಿಲಿನಿಂದ ಹಿಡಿದು ಇಲ್ಲಿಯವರೆಗೆ ಆಡಿದ್ದೆಲ್ಲ ಒಂದೊಂದಾಗಿ ಅವನಿಗೇ ಕೇಳಿಸತೊಡಗಿತು. ಕುರ್ಚಿಯ ಮಾತು, ತಳದ ಮಾತು, ಮೂಟೆಯ ಮಾತು, ಕೈಯಲ್ಲಿ ಉಣ್ಣುವ ಮಾತು. ಬೇರೆ ಯಾರೋ ಕೀಳು ಮನುಷ್ಯ ಆಡಿದಂತೆ ಕೇಳಿಸುತ್ತಿತ್ತು, ಆದರೆ ದನಿ ಅವನದೇ ಆಗಿತ್ತು.

ಆಶ್ಚರ್ಯವಾಗದೆ ಇದ್ದವಳು ಕಾಳಿಯಮ್ಮ ಒಬ್ಬಳೇ. ಮನೆಯೊಳಗೆ ಕುಳಿತು ಉಣ್ಣುವವನು ಮನೆಮಾತು ಆಡದೆ ಇನ್ನೇನು ಆಡುತ್ತಾನೆ.

"ನಿನ್ ಮಾತು ವಸಿ ಬೇರೆ ಥರ ಅದೆ. ಯಾವೂರು ನಿಂದು?"

"ಮಲಾವಿ, ಅಜ್ಜಿ."

"ಅದೆಲ್ಲದೆ? ಕೊಳ್ಳೇಗಾಲದಿಂದ ಆಚ್ಗಾ?"

"ಅಲ್ಲಿಂದ ಇನ್ನೂ ಸ್ವಲ್ಪ ದೂರ."

"ಅಷ್ಟ್ ದೂರದಿಂದ ಬಂದಿದ್ದೀಯಾ. ಮಲ್ಲಿಗಾ, ಪಾಯಸ ಹಾಕೇ, ನಿಂತ್ಕಂಡೇನ್ ಮಾಡ್ತಿದ್ದೀಯಾ. ಎಷ್ಟ್ ಜನ ಮಕ್ಳು ನಿಮ್ಮವ್ವಂಗೆ?"

ಅವನು ಎಲ್ಲದಕ್ಕೂ ಸಮಾಧಾನವಾಗಿ ಉತ್ತರ ಹೇಳಿದ. ತಂಗಿಯರಿಬ್ಬರು, ಒಬ್ಬಳಿಗೆ ಮದುವೆಯಾಗಿದೆ, ಅಪ್ಪ ಇಲ್ಲ. ಅಲ್ಲೂ ಮಳೆ ಬರುತ್ತದೆ. ಅಲ್ಲೂ ಹುಣಿಸೆಹಣ್ಣು ಸಿಗುತ್ತದೆ. ಮುದುಕಿ ಅವನ ಮೊಣಕೈ ಮುಟ್ಟಿ ನೋಡಿ, ಬಡಕಲಾಗಿದ್ದೀಯಾ ಎಂದಳು. ಉಳಿದ ಮೂವರು ಹೊರಗಿನವರಂತೆ ಸುತ್ತ ಕುಳಿತು ಕೇಳುತ್ತಿದ್ದರು. ಆ ನಡುಮನೆಯಲ್ಲಿ ಅಷ್ಟು ಮರ್ಯಾದೆಯ ಕನ್ನಡ ಕೇಳಿಬಂದು ಬಹಳ ಕಾಲವಾಗಿತ್ತು.

ಊಟ ಮುಗಿಸಿ ಅವನು ಕೈ ತೊಳೆದು ಬಂದ. ಊಟಕ್ಕೆ ಮೊದಲೇ ನವನೀತನ್ ತಾನೇ ತುಂಬಿ ಹೊಲಿದಿದ್ದ ಮೂಟೆ ಬಾಗಿಲ ಬಳಿ ಸಿದ್ಧವಾಗಿತ್ತು. ಅದನ್ನು ಮುಟ್ಟಲಿಲ್ಲ.

"ಇದು ಬೇಡ," ಎಂದ ನವನೀತನ್‌ಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. "ನಮ್ಮೂರಲ್ಲಿ ಹೆಂಗಸರು ಈ ಬಟ್ಟೇಲಿ ಮಗೂನ ಬೆನ್ನಿಗೆ ಕಟ್ಕೋತಾರೆ. ಕಟ್ಕೊಂಡು ನೀರು ತರ್ತಾರೆ, ಹೊಲಕ್ಕೆ ಹೋಗ್ತಾರೆ. ಮಧ್ಯೆ ಎಳೆ ತಪ್ಪಿದ್ರೆ ಅದು ತಡೆಯಲ್ಲ."

ನವನೀತನ್ ಎರಡು ಹೆಜ್ಜೆ ಮುಂದೆ ಬಂದ. ಸಾರಿ ಸಾರ್ ಎಂದ. ಅದು ಬಸ್ಸಿನಲ್ಲಿ ಕಾಲು ತುಳಿದವನು ಹೇಳುವ ಮಾತಿನಂತಿತ್ತು. ತಮಿಳಿನಲ್ಲಿ ಏನೋ ಶುರುಮಾಡಿ, ಎದುರಿಗಿದ್ದವನಿಗೆ ತಮಿಳು ಬರುವುದಿಲ್ಲವೆಂದು ನೆನಪಾಗಿ ನಿಲ್ಲಿಸಿದ. ತಪ್ಪು ಯಾವ ಮಾತಿನಲ್ಲಿ ನಡೆಯಿತೋ ಅದೇ ಮಾತಿನಲ್ಲಿ ಕ್ಷಮೆ ಕೇಳಿಕೊಳ್ಳಬೇಕಿತ್ತು. ಆದರೆ ಆ ಮನೆಯಲ್ಲಿ ಗಂಡಸರು ಯಾರೂ ಯಾರ ಹತ್ತಿರವೂ ಹಾಗೆ ಕೇಳಿಕೊಂಡವರಲ್ಲ. ಅದಕ್ಕೆ ಬೇಕಾದ ಮಾತು ಎಲ್ಲಿಂದ ಎತ್ತಿಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ.

"ತಪ್ಪಾಯ್ತು ಕಣಪ್ಪಾ," ಎಂದಳು ಮಲ್ಲಿಗಾ. "ನಾವ್ ನೇಯ್ದ ನಲ್ಲದು ಅದೆ, ಅದ್ನೇ ಪೂರ್ತಿ ಕಟ್ಟಿಕೊಡ್ತೀನಿ. ತಗೊಂಡ್ಹೋಗು."

"ನಿಮ್ಮ ಬಟ್ಟೆ ಚೆನ್ನಾಗಿದೆ ಅಮ್ಮ. ಆದ್ರೆ ಯಾರ ಮನೆಯಿಂದ ತಂದೆ, ಅವರು ಎಂಥವರು ಅಂತ ನಮ್ಮಮ್ಮ ಕೇಳ್ತಾರೆ. ಕೇಳದೆ ಅವರು ಒಂದು ಮೊಳಾನೂ ಮಾರಲ್ಲ. ನನಗೆ ಅವರ ಹತ್ರ ಸುಳ್ಳು ಹೇಳೋಕೆ ಬರಲ್ಲ."

ಅವನೇ ಮತ್ತೆ ಹೇಳಿದ. "ಮೈಸೂರಿಗೆ ಬಂದ ಹೊಸದರಲ್ಲಿ ಬಸ್ಸಲ್ಲಿ, ಅಂಗಡೀಲಿ ಜನ ನನ್ನ ಮುಂದೇನೇ ನನ್ನ ಬಗ್ಗೆ ಮಾತಾಡೋರು. ಅದಕ್ಕೇ ಹಟ ಮಾಡಿ ಕನ್ನಡ ಕಲಿತೆ. ಕಲಿತ ಮೇಲೆ ಅವರಲ್ಲೇ ಎಷ್ಟೋ ಜನ ಸ್ನೇಹಿತರಾದ್ರು. ಇವತ್ತು ನಿಮ್ಮ ಬಾಗಿಲಲ್ಲಿ ಅಜ್ಜಿ ಮಾತು ಕೇಳಿ ಎಷ್ಟು ಖುಷಿಯಾಯ್ತು ಗೊತ್ತಾ. ತಕ್ಷಣ ಮಾತಾಡಬೇಕು ಅಂತಿದ್ದೆ. ಆಮೇಲೆ ಮಾತಾಡಿದ್ರೆ ನಿಮಗೆ ನಾಚಿಕೆ ಆಗುತ್ತೆ ಅಂತ ಸುಮ್ಮನಾದೆ. ಹಾಗೇ ಹೊರಟುಬಿಡೋಣ ಅಂತಲೇ ಇದ್ದೆ."

ನವನೀತನ್ ಕಂಬ ಹಿಡಿದು ನಿಂತಿದ್ದ. ತನ್ನ ಮರ್ಯಾದೆ ಕಾಪಾಡಲು ಈ ಹುಡುಗ ಅಷ್ಟು ಹೊತ್ತು ಬಾಯಿ ಕಟ್ಟಿಕೊಂಡಿದ್ದನೆಂಬುದು ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ವ್ಯಾಪಾರ ಹೋದದ್ದಕ್ಕೆ ಅವನು ನಾಚಲಿಲ್ಲ, ಅದು ಇನ್ನೊಂದು ದಿನ ಬಂದೀತು. ಅವ್ವನಿಂದ ಕಲಿತ ಮಾತನ್ನು ತಾನು ಇಷ್ಟು ವರ್ಷ ಏನಕ್ಕೆ ಬಳಸಿದೆ ಎಂದು ನೆನೆದರೆ ನೆಲ ಬಿರಿದು ನುಂಗಿಕೊಳ್ಳಬಾರದೇ ಎನಿಸುತ್ತಿತ್ತು. ಬೆಲ್ಜಿಯಂಗೂ ಮಲಾವಿಗೂ ಒಂದೊಂದು ನಂಬರು ಗೊತ್ತಿದ್ದವನು ತನ್ನ ಮನೆಯ ಮಾತಿಗೆ ಒಂದು ಸೊನ್ನೆಯನ್ನೂ ಬರೆದಿರಲಿಲ್ಲ. ದೂರದ ದೇಶದವನೊಬ್ಬ ಅದನ್ನು ಕಷ್ಟಪಟ್ಟು ಕಲಿತು ಪ್ರೀತಿಯಿಂದ ಇಟ್ಟುಕೊಂಡಿದ್ದ.

ಚಪ್ಪಲಿ ಹಾಕಿಕೊಳ್ಳುವಾಗ ಚಿಸೊಮೊ ವಿನೋದಿನಿಯ ಕಡೆ ತಿರುಗಿದ.

"ನಿಮ್ಮನೇಲಿ ತಮಿಳು ಅಂದ್ರಲ್ಲ ನೀವು. ಮೂಟೆ ಕಟ್ಟೋ ವಿಷಯ ಅಂತಲೂ ಹೇಳಿದ್ರಿ."

ಅವಳಿಗೆ ಅಪ್ಪನ ಮೇಲಿದ್ದ ಸಿಟ್ಟೆಲ್ಲ ಒಮ್ಮೆಗೇ ತನ್ನ ಕಡೆಗೂ ತಿರುಗಿತು. ಅವಳು ಸ್ಕೂಟರಿನ ಕೀಲಿ ತೆಗೆದುಕೊಂಡಳು. ಅವನನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದಳು. ಕಾಳಿಯಮ್ಮ ಮಾತ್ರ ಅವನು ಹೋದ ಮೇಲೂ, ಒಳ್ಳೆ ಹುಡುಗ, ಮತ್ತೆ ಯಾವಾಗ ಬತ್ತಾನಂತೆ ಎಂದು ಕೇಳುತ್ತಿದ್ದಳು.

ಸಂಜೆ ನವನೀತನ್ ಟೀ ಅಂಗಡಿಗೆ ಹೋದ. ಮನೆಯಲ್ಲಿ ಕೂರಲು ಆಗಿರಲಿಲ್ಲ. ಬೆಂಚಿನ ಮೇಲಿದ್ದವರು, ನಿಮ್ಮ ಮನೆಗೆ ಬಂದಿದ್ದವರು ಯಾವ ದೇಶ, ಎಷ್ಟನೇ ನಂಬರು ಎಂದು ರೇಗಿಸಿದರು. ಅವನು ಟೀ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದುಬಂದ. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಬೆಳಿಗ್ಗೆ ಎದ್ದಾಗ ಅವನ ಮನಸ್ಸು ಸ್ವಲ್ಪ ಹಗುರಾಗಿತ್ತು. ಮಗಳ ಹತ್ತಿರ ಮಾತಾಡಬೇಕು, ಆ ಹುಡುಗನ ಫೋನು ನಂಬರು ಕೇಳಬೇಕು, ತಾನೇ ಮಾತಾಡಬೇಕು ಎಂದು ಹಾಸಿಗೆಯಲ್ಲಿ ಯೋಚಿಸಿದ್ದ. ಏನು ಹೇಳಬೇಕೆಂದು ಮಾತನ್ನೂ ಜೋಡಿಸಿಕೊಂಡಿದ್ದ. ವಿನೋದಿನಿ ತಿರುಪ್ಪೂರಿನ ಬಸ್ಸಿಗೆ ಸಿದ್ಧಳಾಗಿ, ಅಮ್ಮನ ಕೈಯಿಂದ ಇಡ್ಲಿಯ ತಟ್ಟೆ ತೆಗೆದುಕೊಂಡು ಅವನ ಮುಂದಿಟ್ಟಳು.

"ಚಟ್ನಿ ಪೋಡಟ್ಟುಂಗಳಾ?"

ಬೀದಿಯ ತಮಿಳು. ಚಟ್ನಿ ಹಾಕಲೇ ಎಂದು ಹೋಟೆಲಿನಲ್ಲಿ ಗಿರಾಕಿಯನ್ನು ಕೇಳುವಷ್ಟು ವಿನಯದ ತಮಿಳು. ಹುಟ್ಟಿದಾಗಿನಿಂದ ಅವಳು ಅಪ್ಪನನ್ನು ಕನ್ನಡದಲ್ಲಿ ನೀನು ಎಂದೇ ಕರೆದವಳು. ನವನೀತನ್ ತಲೆಯೆತ್ತಿ ನೋಡಿದ. ಅವಳು ಚಟ್ನಿಯ ಪಾತ್ರೆಯನ್ನೇ ನೋಡುತ್ತಿದ್ದಳು. ಅದು ಸಿಟ್ಟೋ, ಮನೆಮಾತನ್ನು ಬಾಯಿಗೆ ತಂದುಕೊಳ್ಳಲು ಅವಳಿಗೂ ನಾಚಿಕೆಯೋ, ಹೇಳುವ ಹಾಗಿರಲಿಲ್ಲ.

"ಕಣ್ಣು, ಆ ಹುಡುಗ್ನ ಫೋನ್ ನಂಬರ್ ಕೊಡು. ನಾನ್ ಮಾತಾಡ್ತೀನಿ," ಎಂದ ಅವನು.

"ವೇಣಾಂಗಪ್ಪಾ. ಅವರು ಊರುಕ್ಕು ಕೆಳಂಬಿಟ್ಟಾರು," ಎಂದಳು. ಬೇಡ ಅಪ್ಪಾ, ಅವರು ಊರಿಗೆ ಹೊರಟರು.

"ವಿನೋ, ನನ್ ಜೊತೆ ಹಂಗ್ ಮಾತಾಡ್ಬೇಡ."

"ನೀಂಗ ಸಾಪ್ಪಿಡುಂಗ," ನೀವು ತಿನ್ನಿ, ಎಂದು ಅವಳು ಇನ್ನೊಂದು ಇಡ್ಲಿ ಹಾಕಿದಳು. ಚೀಲ ಹೆಗಲಿಗೇರಿಸಿಕೊಂಡು, ಹೋಗಿಬರುತ್ತೇನೆ ಎಂಬುದನ್ನೂ ತಮಿಳಿನಲ್ಲೇ ಹೇಳಿ ಹೊರಟಳು.

ಒಳಗಿನ ಕೋಣೆಯಲ್ಲಿ ಕಾಳಿಯಮ್ಮ ಮಂಚದ ಮೇಲೆ ಎದ್ದು ಕುಳಿತದ್ದು ಕೇಳಿಸಿತು.

"ಮಲ್ಲಿಗಾ, ಮನೆಗೆ ಯಾರೇ ಬಂದಿರೋದು? ತಮಿಳ್ ಮಾತು ಕೇಳ್ತದಲ್ಲ. ಹೊರಗ್ನೋರು ಯಾರೋ ಬಂದವ್ರೆ ಅಂತ ಕಾಣ್ತದೆ. ಚಾಪೆ ಹಾಸಿ ಕೂರ್ಸು."

ಮಲ್ಲಿಗಾ ಗಂಡನ ಮುಖ ನೋಡಿದಳು. ಅವನು ತಟ್ಟೆಯ ಮುಂದೆ ತಲೆ ತಗ್ಗಿಸಿ ಕುಳಿತಿದ್ದ.